ಹೊಗೆಗೂಡು ಬೆವರುವುದೇಕೆ?

ಚಿಮಣಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ದೀಪ. ಹುಬ್ಬಳ್ಳಿ-ಧಾರವಾಡದ ಕಡೆ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎಂದೇ ಹೆಸರು. ಕಂದೀಲಿನ ಗಾಜಿಗೆ ಆಂಗ್ಲರು ಇಟ್ಟಿದ್ದ ಹೆಸರು ನಮ್ಮಲ್ಲಿಗೆ ಬಂದು ದೀಪಕ್ಕೂ ಅಂಟಿತು, ಎಣ್ಣೆಗೂ ಅಂಟಿತು. ಆದರೆ ಆ ಹೆಸರಿನ ಮೂಲವಸ್ತುವಾದ ಹೊಗೆಗೂಡು ಮಾತ್ರ ನಮ್ಮ ಹಳ್ಳಿಯ ಮನೆಗಳ ಹತ್ತಿರ ಸುಳಿಯಲಿಲ್ಲ. ಅಡಿಗೆಮನೆಯ ಹೊಗೆ ಬೆಳಕಿಂಡಿಯಿಂದಲೋ, ಹೆಂಚಿನ ಸಂದಿಯಿಂದಲೋ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಹೋಗುವ ಮುನ್ನ ಅಟ್ಟದ ಮೇಲಿನ ಕಾಳುಕಡಿಯನ್ನು ಹುಳ ಹಿಡಿಯದಂತೆ ಕಾಯ್ದು, ಅಡಿಗೆ ಮಾಡುವವರ ಕಣ್ಣಿನಲ್ಲಿ ನೀರು ತರಿಸಿ ಹೋಗುತ್ತಿತ್ತು ಎಂಬುದು ಬೇರೆ ಮಾತು.

ಇಂಥ ನಾವು 2013ರಲ್ಲಿ ವರ್ಗವಾಗಿ ಸಿಮ್ಲಾಕ್ಕೆ ಹೋದಾಗ ನಮಗೆ ದೊರೆತ ವಸತಿಯಲ್ಲಿ ಒಂದಲ್ಲ, ಎರಡು ಅಗ್ಗಿಷ್ಟಿಕೆಗಳಿದ್ದುವು. ಆಂಗ್ಲರ ಕಾಲದ ಒಂದು ದೊಡ್ಡ ಮನೆಯನ್ನು ಮೇಲೆ ಕೆಳಗೆ ಭಾಗ ಮಾಡಿ, ನಾಲ್ಕು ಸಂಸಾರಗಳಿಗೆ ಹಂಚಿದ್ದರು. ಅಗ್ಗಿಷ್ಟಿಕೆಗಳ ಬಾಯಿಗೆ ಬಹಳ ಹಿಂದೆಯೇ ಇಟ್ಟಿಗೆ ಕಟ್ಟಿ ಸಿಮೆಂಟು ಬಳಿದು ಮುಚ್ಚಿಬಿಟ್ಟಿದ್ದರು. ಚಳಿಗೆ ವಿದ್ಯುತ್ತಿನ ಹೀಟರು. ಮಲಗುವ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ಗೋಡೆಯು ಒಂದಡಿಯಷ್ಟು ಮುಂದಕ್ಕೆ ಉಬ್ಬಿತ್ತು. ಅದರೊಳಗಿಂದಲೇ ಹೊಗೆಕೊಳವೆ ಮೇಲಕ್ಕೆ ಹೋಗುವುದೆಂದು ತಿಳಿಯಲು ನಮಗೆ ಕೆಲವು ತಿಂಗಳು ಬೇಕಾಯಿತು. ನಮ್ಮ ತಾಯಿಯವರು ಆ ಉಬ್ಬಿನ ಮೇಲಿನ ಹಲಗೆಯಲ್ಲಿ ದೇವರ ಪಟಗಳನ್ನು ಇಟ್ಟುಕೊಂಡರು.

ಜುಲೈ ತಿಂಗಳು ಬಂತು. ದೇವರ ಪಟಗಳ ಹಿಂದೆ ಒಂದು ಕಂದು ಕಲೆ ಮೂಡಿತು. ಮೊದಲು ಅಂಗೈಯಷ್ಟು, ಆಮೇಲೆ ಮೊರದಷ್ಟು. ಮುಟ್ಟಿದರೆ ಒದ್ದೆ. ಅಂಚಿನಲ್ಲಿ ಚಹದ ಬಟ್ಟಲಿಟ್ಟ ಗುರುತಿನಂತೆ ಹಳದಿಯ ಗೆರೆ. ಸೆಪ್ಟೆಂಬರಿನಲ್ಲಿ ತಾನಾಗಿ ಒಣಗಿತು. ಬಣ್ಣ ಹಪ್ಪಳದಂತೆ ಎದ್ದು ಉದುರಿತು.

ನಮ್ಮ ಮೇಲಿನ ಮನೆಯಲ್ಲಿದ್ದವರು ಗಢವಾಲದ ಕಡೆಯ ಒಂದು ಸಂಸಾರ. ಅವರ ಬಚ್ಚಲು ಸರಿಯಾಗಿ ನಮ್ಮ ಆ ಗೋಡೆಯ ಮಗ್ಗುಲಿಗೇ ಬರುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? ನಾವು ಒಂದು ಸಲ ಹೋಗಿ ಹೇಳಿದೆವು. ಅವರು ತಮ್ಮ ಬಚ್ಚಲಿನಲ್ಲಿ ಸೋರಿಕೆ ಇಲ್ಲವೆಂದರು. ಎರಡನೆಯ ಸಲ ಮಾತು ಬಿರುಸಾಯಿತು. ಮೂರನೆಯದಾಗಿ ನಾವು, ಕಾಗದಪತ್ರದಲ್ಲೇ ಜೀವ ಸವೆಸುವವರಿಗೆ ಸಹಜವಾದಂತೆ, ವಸತಿಯ ಉಸ್ತುವಾರಿ ನೋಡುವವರಿಗೆ ಮೂರು ಪ್ರತಿಯಲ್ಲಿ ಒಂದು ದೂರು ಬರೆದು ಕೊಟ್ಟೆವು. ‘ಮೇಲಿನ ನಿವಾಸಿಗಳ ಅಜಾಗರೂಕತೆಯಿಂದ’ ಎಂಬ ಮಾತು ಅದರಲ್ಲಿತ್ತು. ಅದರ ಒಂದು ಪ್ರತಿ ಅವರಿಗೂ ಹೋಯಿತು. ಅಂದಿನಿಂದ ಮೆಟ್ಟಿಲಿನಲ್ಲಿ ಎದುರಾದರೆ ಎರಡು ಮನೆಯ ಹೆಂಗಸರೂ ಗೋಡೆ ನೋಡುವಂತಾಯಿತು. ಮಕ್ಕಳಿಗೆ ಒಬ್ಬರ ಮನೆಗೆ ಒಬ್ಬರು ಹೋಗಕೂಡದೆಂದು ಅಪ್ಪಣೆಯಾಯಿತು.

2014ರ ವಸಂತದಲ್ಲಿ ಚಾವಣಿಯ ತಗಡು ಬದಲಾಯಿಸಿದರು, ಹೊಗೆಗೂಡಿನ ಬುಡಕ್ಕೆ ಡಾಂಬರು ಹಚ್ಚಿದರು, ಮೇಲಿನವರ ಬಚ್ಚಲಿನ ನೆಲ ಅಗೆದು ಹೊಸದಾಗಿ ಹಾಕಿದರು. ಅವರು ಹದಿನೈದು ದಿನ ಅಂಗಳದ ನಲ್ಲಿಯಲ್ಲಿ ಸ್ನಾನ ಮಾಡಿದರು. ಜುಲೈ ಬಂತು, ಕಲೆಯೂ ಬಂತು. ಕೆಲಸಕ್ಕೆ ಬಂದಿದ್ದವರಲ್ಲಿ ಹಲ್ಲುದುರಿದ ಒಬ್ಬ ಮುದುಕ ಮಿಸ್ತ್ರಿಯಿದ್ದ. ಅವನು ಗೋಡೆಯನ್ನು ಬೆರಳಿನಿಂದ ಕೆರೆದು, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, “ಬಾಬೂಜೀ, ಇಂಥ ಕಲೆ ಬೆಂಕಿ ಹಾಕುತ್ತಿದ್ದ ಗೋಡೆಗಳಿಗೆ ಮಾತ್ರ ಬರುತ್ತದೆ. ಮಗ್ಗುಲ ಗೋಡೆಗೆ ಯಾಕಿಲ್ಲ ನೋಡಿ” ಎಂದ. ನಾವು ಯಾರನ್ನು ದೂರಿದ್ದೆವೋ ಅವರಿಗೂ ಈ ಕಲೆಗೂ ಸಂಬಂಧವಿಲ್ಲದಿರಬಹುದು ಎಂಬ ಅಳುಕು ನಮ್ಮಲ್ಲಿ ಹುಟ್ಟಿದ್ದು ಆಗ. ಗೋಡೆಯೊಳಗೆ ಏನಿದೆಯೆಂದು ತಿಳಿಯಬೇಕಾದರೆ ಹೊಗೆಗೂಡಿನ ಚರಿತ್ರೆಯನ್ನೇ ಓದಬೇಕಾಯಿತು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇಂಗ್ಲೆಂಡಿನ ಸಾಮಾನ್ಯರ ಮನೆಗಳೂ ಹಿಂದೆ ನಮ್ಮ ಮನೆಗಳಂತೆಯೇ ಇದ್ದುವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನಡುಮನೆಯ ನೆಲದ ಮೇಲೆ ಬೆಂಕಿ, ಹೊಗೆ ಹುಲ್ಲಿನ ಚಾವಣಿಯ ಮೂಲಕ ಹೊರಗೆ. ಇಟ್ಟಿಗೆಯ ಹೊಗೆಗೂಡು ಶ್ರೀಮಂತರ ಕೋಟೆ, ಮಠಗಳ ವೈಭವವಾಗಿತ್ತು. ಹದಿನಾರನೆಯ ಶತಮಾನದಲ್ಲಿ ಅದು ಕೆಳಕ್ಕಿಳಿಯಿತು. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ 1577ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ತನ್ನ ಊರಿನ ವೃದ್ಧರು ತಮ್ಮ ಜೀವಮಾನದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲಿ ಎಲ್ಲೆಲ್ಲೂ ಎದ್ದುನಿಂತ ಹೊಗೆಗೂಡುಗಳನ್ನೂ ಎಣಿಸುತ್ತಿದ್ದರೆಂದು ಬರೆದಿದ್ದಾನೆ. ಹಿಂದಿನ ಹೊಗೆ ಮನೆಯ ತೊಲೆಗಳನ್ನೂ ಮನೆಯವರ ದೇಹವನ್ನೂ ಗಟ್ಟಿಮಾಡುತ್ತಿತ್ತು, ಈಗಿನವರಿಗೆ ಬರಿಯ ನೆಗಡಿ ಎಂದು ಅವನು ಗೊಣಗಿದ್ದೂ ಉಂಟು. ಹಳೆಯ ಕಾಲವೇ ಚೆನ್ನಾಗಿತ್ತೆನ್ನುವ ಹಿರಿಯರು ಎಲ್ಲ ದೇಶದಲ್ಲೂ ಇದ್ದಾರೆ.

ಈ ಬದಲಾವಣೆಗೆ ಮುಖ್ಯ ಕಾರಣ ಉರುವಲು. ಕಟ್ಟಿಗೆ ದುಬಾರಿಯಾದಂತೆ ಲಂಡನ್ನಿನವರು ಟೈನ್ ನದಿಯ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲಿಗೆ ಇಳಿದರು. ಕಟ್ಟಿಗೆಯ ಹೊಗೆಯನ್ನು ಹೇಗೋ ಸಹಿಸಬಹುದು. ಗಂಧಕ ತುಂಬಿದ ಕಲ್ಲಿದ್ದಲಿನ ಹೊಗೆಯಲ್ಲಿ ಕೂತು ಊಟ ಮಾಡುವುದು ಅಸಾಧ್ಯ. ಹೀಗಾಗಿ ಕಲ್ಲಿದ್ದಲು ಬಂದ ಮನೆಗೆ ಹೊಗೆಗೂಡೂ ಬರಲೇಬೇಕಾಯಿತು. ಅದು ಎಷ್ಟು ಸಾಮಾನ್ಯವಾಯಿತೆಂದರೆ 1662ರಲ್ಲಿ ಸರಕಾರ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲಿಂಗಿನಂತೆ ತೆರಿಗೆ ಹಾಕಿತು. ತೆರಿಗೆಯವರು ಮನೆಯೊಳಗೆ ನುಗ್ಗಿ ಒಲೆ ಎಣಿಸುವುದು ಜನರಿಗೆ ಸಹಿಸದೆ 1689ರಲ್ಲಿ ಅದನ್ನು ರದ್ದುಮಾಡಬೇಕಾಯಿತು. ನಡುವೆ 1666ರ ಮಹಾ ಅಗ್ನಿದುರಂತದಲ್ಲಿ ಲಂಡನ್ ಬಹುಭಾಗ ಸುಟ್ಟುಹೋಗಿ, ಇನ್ನು ಮುಂದೆ ಇಟ್ಟಿಗೆ ಕಲ್ಲುಗಳಲ್ಲೇ ಮನೆ ಕಟ್ಟಬೇಕೆಂಬ ಕಾಯಿದೆ ಬಂತು.

ಆ ಹೊಗೆಕೊಳವೆಗಳ ಒಳಮೈಗೆ ಏನು ಬಳಿಯುತ್ತಿದ್ದರು ಗೊತ್ತೆ? ಸುಣ್ಣದ ಗಾರೆಗೆ ಸೆಗಣಿ ಕಲಸಿ ಬಳಿಯುತ್ತಿದ್ದರು! ಸೆಗಣಿ ಬೆರೆತ ಗಾರೆ ಬಿಸಿಗೆ ಬೇಗ ಬಿರುಕು ಬಿಡುವುದಿಲ್ಲವೆಂದು ಅಲ್ಲಿನ ಗಾರೆಯವರ ಅನುಭವ. ಇದನ್ನು ಓದಿ ಹೇಳಿದಾಗ ನಮ್ಮ ತಾಯಿಯವರಿಗೆ ಆಂಗ್ಲರ ವಿಷಯದಲ್ಲಿ ಇದ್ದಕ್ಕಿದ್ದಂತೆ ಗೌರವ ಹೆಚ್ಚಿತು. ಆದರೆ ಈ ಲೇಪ ಶಾಶ್ವತವಲ್ಲ. ನೂರಾರು ಚಳಿಗಾಲಗಳ ಬೆಂಕಿಗೆ, ಹೊಗೆಯ ಆಮ್ಲಕ್ಕೆ, ಗುಡಿಸುವವರ ಕುಂಚಕ್ಕೆ ಅದು ಸವೆದು ಉದುರುತ್ತದೆ. ಆಮೇಲೆ ಹೊಗೆ ನೇರವಾಗಿ ಇಟ್ಟಿಗೆಯನ್ನೇ ತಾಗುತ್ತದೆ. ನಮ್ಮ ಕಥೆಗೆ ಇದು ಮುಖ್ಯ.

ಗುಡಿಸುವವರ ಮಾತು ಬಂದಾಗ ಒಂದು ಕರಾಳ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕಿರಿದಾದ ಕೊಳವೆಗಳೊಳಗೆ ಹತ್ತಿ ಮಸಿ ಕೆರೆಯಲು ಬಡವರ ಪುಟ್ಟ ಮಕ್ಕಳನ್ನು ಇಳಿಸುತ್ತಿದ್ದರು. ಆ ಮಕ್ಕಳು ಬೆಳೆದ ಮೇಲೆ ಅವರಿಗೆ ಮಸಿಯಿಂದ ಬರುವ ಒಂದು ಬಗೆಯ ಕ್ಯಾನ್ಸರನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ವರ್ಣಿಸಿದ. ಉದ್ಯೋಗದಿಂದ ಬರುವ ಕ್ಯಾನ್ಸರಿನ ಮೊದಲ ವಿವರಣೆಗಳಲ್ಲಿ ಅದು ಒಂದು. ಕಾನೂನು ಒಂದಾದ ಮೇಲೊಂದು ಬಂದರೂ ಪದ್ಧತಿ ನಿಲ್ಲಲಿಲ್ಲ. ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದು ವರ್ಷದ ಹುಡುಗ ಕೊಳವೆಯಲ್ಲಿ ಸಿಕ್ಕಿ ಸತ್ತ 1875ನೆಯ ಇಸವಿಯಲ್ಲಿ, ಶಾಫ್ಟ್ಸ್‌ಬರಿ ಪ್ರಭುವಿನ ಪ್ರಯತ್ನದಿಂದ ಕಟ್ಟುನಿಟ್ಟಾದ ಕಾಯಿದೆ ಬಂದು ಅದು ಕೊನೆಗೊಂಡಿತು.

ಹೊಗೆಗೂಡಿನ ರೋಗ ಹುಡುಕುವ ವಿದ್ಯೆಗೆ ಬೆಂಜಮಿನ್ ಫ್ರಾಂಕ್ಲಿನ್ ದೊಡ್ಡ ಹೆಸರು. ಫ್ರಾನ್ಸಿನಿಂದ ಅಮೆರಿಕಕ್ಕೆ ಮರಳುವ ಹಡಗಿನಲ್ಲಿ, 1785ರಲ್ಲಿ, ಎಪ್ಪತ್ತೊಂಬತ್ತರ ಆ ವೃದ್ಧ ವಿಯೆನ್ನಾದ ವೈದ್ಯಮಿತ್ರ ಇಂಗೆನ್‌ಹೌಸನಿಗೆ ಹೊಗೆಗೂಡುಗಳ ಬಗ್ಗೆ ಉದ್ದವಾದ ಪತ್ರ ಬರೆದ. ಹೊಗೆ ಕೋಣೆಗೇ ತಿರುಗಿ ಬರಲು ಒಂಬತ್ತು ಕಾರಣಗಳನ್ನು ಎಣಿಸಿ, ಒಂದರ ಮದ್ದು ಇನ್ನೊಂದಕ್ಕೆ ಹೊಂದದೆಂದು ತೋರಿಸಿದ. ಅದರಲ್ಲಿ ತಾನು ಸೋತ ಒಂದು ಪ್ರಸಂಗವನ್ನೂ ಅವನು ಮುಚ್ಚಿಟ್ಟಿಲ್ಲ. ಲಂಡನ್ ಬಳಿಯ ಗೆಳೆಯನೊಬ್ಬನ ಮನೆಯಲ್ಲಿ ಬಾಗಿಲು ತೆರೆದು ನೋಡಿದ, ಒಲೆಯ ಬಾಯಿ ಕಿರಿದುಮಾಡಿ ನೋಡಿದ, ಹೊರಗೆ ನಿಂತು ಕೊಳವೆಯ ಎತ್ತರ ನೋಡಿದ. ಯಾವುದೂ ತಿಳಿಯದೆ ಕೈಚೆಲ್ಲಿದ. ಈ ವಿದ್ಯೆಯ ಗಂಧವೂ ಇಲ್ಲದ ಗೆಳೆಯ ಆಮೇಲೆ ಏಣಿ ಹತ್ತಿ ಕೊಳವೆಯೊಳಗೆ ಇಣುಕಿದರೆ, ಮನೆ ಖಾಲಿಯಿದ್ದ ವರ್ಷಗಳಲ್ಲಿ ಹಕ್ಕಿಗಳು ಕಟ್ಟಿದ ಗೂಡು ತುಂಬಿಕೊಂಡಿತ್ತಂತೆ. ಇದನ್ನು ಓದಿದ ರಾತ್ರಿ ನಮಗೆ ನಮ್ಮ ಮೂರು ಪ್ರತಿಯ ದೂರು ನೆನಪಾಗಿ ನಿದ್ದೆ ಸರಿಯಾಗಿ ಬರಲಿಲ್ಲ.

ಫ್ರಾಂಕ್ಲಿನ್ ಬರೆದದ್ದು ಹೊಗೆಯ ವಿಷಯ, ತೇವದ ವಿಷಯವಲ್ಲ. ಅವನ ಕಾಲದಲ್ಲಿ ತೇವದ ಪ್ರಶ್ನೆ ಅಷ್ಟಾಗಿ ಏಳದಿರಲು ಕಾರಣವಿದೆ. ಬೆಂಕಿ ಉರಿದರೆ ನೀರು ಹುಟ್ಟುತ್ತದೆ, ಇದು ಬಿ.ಎಸ್‌ಸಿ. ಓದಿದವರು ಮರೆತಿರಬಹುದಾದ, ಓದದವರು ನಂಬದಿರಬಹುದಾದ ಮಾತು. ಉರುವಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾವಿಯಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆ ಉರಿದರೆ ಅರ್ಧ ಕಿಲೋಗಿಂತ ತುಸು ಹೆಚ್ಚು ನೀರು ಆವಿಯಾಗಿ ಹೊರಡುತ್ತದೆ. ನಮ್ಮ ಮನೆಗಳ 14.2 ಕಿಲೋದ ಅಡಿಗೆ ಅನಿಲದ ಸಿಲಿಂಡರು ಮುಗಿಯುವುದರೊಳಗೆ ಸುಮಾರು 22 ಲೀಟರ್ ನೀರನ್ನು ಆವಿಯ ರೂಪದಲ್ಲಿ ಅಡಿಗೆಮನೆಗೆ ಬಿಟ್ಟಿರುತ್ತದೆ. ಕಿಟಕಿ ಮುಚ್ಚಿದ ಫ್ಲಾಟುಗಳಲ್ಲಿ ಮಳೆಗಾಲದ ಗೋಡೆ ಬೂಸು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹಳೆಯ ತೆರೆದ ಅಗ್ಗಿಷ್ಟಿಕೆ ಮಹಾ ದುಂದುಗಾರ. ಉರಿದ ಶಾಖದಲ್ಲಿ ಬಹುಪಾಲು ಹೊಗೆಕೊಳವೆಯಲ್ಲೇ ಹಾರಿಹೋಗುತ್ತಿತ್ತು. ಆದರೆ ಆ ದುಂದೇ ಹೊಗೆಗೂಡನ್ನು ಒಣಗಿಸಿ ಇಟ್ಟಿತ್ತು. ಕೊಳವೆ ಬಿಸಿಯಾಗಿರುವವರೆಗೆ ಆವಿ ಆವಿಯಾಗಿಯೇ ಹೊರಟುಹೋಗುತ್ತದೆ, ಮೇಲಿನಿಂದ ನೆನೆದ ಮಳೆಯೂ ಒಣಗುತ್ತದೆ. ಇಪ್ಪತ್ತನೆಯ ಶತಮಾನ ಮಿತವ್ಯಯ ಕಲಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅನಂತರವೂ ಇಂಗ್ಲೆಂಡಿನಲ್ಲಿ ಉರುವಲಿನ ಕೊರತೆಯಿಂದ, ರಾತ್ರಿಯೆಲ್ಲ ಗಾಳಿ ತಡೆದು ನಿಧಾನವಾಗಿ ಕಾಯುವ ಮುಚ್ಚಿದ ಒಲೆಗಳು ಬಳಕೆಗೆ ಬಂದುವು. ಶಾಖ ಕೋಣೆಗೆ ಹೆಚ್ಚು ದಕ್ಕಿತು, ಕೊಳವೆಗೆ ಕಡಿಮೆಯಾಯಿತು. ತಣ್ಣಗಿನ ಇಟ್ಟಿಗೆಗೆ ತಾಗಿದ ಹೊಗೆಯ ಆವಿ ನೀರಾಗಿ, ಮಸಿ ಡಾಂಬರುಗಳನ್ನು ಕರಗಿಸಿಕೊಂಡು, ಗೋಡೆಯ ಈಚೆಗೆ ಕಂದು ಕಲೆಯಾಗಿ ಇಣುಕಿತು. ಗಂಧಕದ ಆಮ್ಲ ಸಿಮೆಂಟಿನ ಗಾರೆಯೊಡನೆ ಸೇರಿ ಸಲ್ಫೇಟ್ ಆಗಿ ಗಾರೆ ಉಬ್ಬಿತು. ಹೆಚ್ಚು ಒದ್ದೆಯಾಗುವ ಮಗ್ಗುಲು ಹೆಚ್ಚು ಉಬ್ಬುವುದರಿಂದ ಹೊಗೆಗೂಡು ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಬೆನ್ನು ಬಾಗಿದ ಹೊಗೆಗೂಡುಗಳನ್ನು ಇಂದಿಗೂ ಕಾಣಬಹುದು.

ಒಲೆ ಸುಧಾರಿಸುವ ಎಲ್ಲರಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಹೊರಬಂದ ಮೂರು ಪಾತ್ರೆಯ ‘ಅಸ್ತ್ರ ಒಲೆ’ಯನ್ನು ನಮ್ಮ ಹಳ್ಳಿಗಳಲ್ಲಿ ಕಂಡ ಹಿರಿಯರು ಇನ್ನೂ ಇದ್ದಾರೆ. ನಮ್ಮ ಅಡಿಗೆಮನೆಗಳಿಗೆ ಹೊಗೆಕೊಳವೆ ಎಂಬುದು ಬಂದದ್ದು ಬಹುಮಟ್ಟಿಗೆ ಇಂಥ ಒಲೆಗಳ ಹಿಂದೆಯೇ. ಹೊಗೆಯ ಶಾಖವನ್ನು ಪಾತ್ರೆಗಳಿಗೆ ಹಿಂಡಿಕೊಳ್ಳಲೂ ಬೇಕು, ಕೊಳವೆ ಸೆಳೆಯುವಷ್ಟು ಬಿಸಿ ಉಳಿಸಲೂ ಬೇಕು. ಈ ತಕ್ಕಡಿ ಸರಿದೂಗಿಸುವುದೇ ಅಂಥ ಒಲೆ ಮಾಡುವವರ ಕಷ್ಟ.

ಇಂಗ್ಲೆಂಡಿಗೆ ಹಿಂತಿರುಗೋಣ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜಿನಲ್ಲಿ ಸತ್ತವರು ನಾಲ್ಕು ಸಾವಿರವೆಂದು ಆಗ ಲೆಕ್ಕ ಹಾಕಿದರು; ಅದರ ಮೂರರಷ್ಟು ಇರಬಹುದೆಂದು ಆಮೇಲಿನ ಲೆಕ್ಕ. 1956ರಲ್ಲಿ ಶುದ್ಧ ವಾಯು ಕಾಯಿದೆ ಬಂದು, ಊರೂರುಗಳಲ್ಲಿ ಹೊಗೆ ಕಾರುವ ಉರುವಲಿಗೆ ನಿಷೇಧವಾಯಿತು. 1967ರಿಂದ ಹತ್ತು ವರ್ಷಗಳಲ್ಲಿ ಉತ್ತರ ಸಮುದ್ರದ ಅನಿಲ ಮನೆಮನೆಗೆ ಬಂತು. ಲಕ್ಷಾಂತರ ಅಗ್ಗಿಷ್ಟಿಕೆಗಳಲ್ಲಿ ಕೆಲವಕ್ಕೆ ಅನಿಲದ ಒಲೆ ಕೂಡಿಸಿದರು, ಉಳಿದವಕ್ಕೆ ಹಲಗೆ ಹೊಡೆದರು ಅಥವಾ ಇಟ್ಟಿಗೆ ಕಟ್ಟಿದರು. ಅನಿಲದ ಹೊಗೆಯಲ್ಲಿ ಮಸಿಯಿಲ್ಲ, ಆದರೆ ನೀರು ಹೇರಳ. ಒಂದು ಕಿಲೋ ಮೀಥೇನಿಗೆ ಎರಡೂಕಾಲು ಕಿಲೋ. ಹೊಸ ಮನೆಗಳ ಹೊಗೆಕೊಳವೆಗೆ ಒಳಲೇಪದ ಕೊಳವೆ ಇರಲೇಬೇಕೆಂದು 1965ರ ಕಟ್ಟಡ ನಿಯಮಗಳು ವಿಧಿಸಿದುವು. ಹಳೆಯ ಮನೆಗಳಿಗೆ ಅವು ಏನನ್ನೂ ಮಾಡಲಾರವು.

ಬೆಂಕಿ ಹಾಕದೆ ಮುಚ್ಚಿಟ್ಟ ಹೊಗೆಗೂಡುಗಳ ಕಥೆಯೇ ವಿಚಿತ್ರ. ಉರಿಯುವ ಒಲೆಯಿಲ್ಲ, ಸೋರುವ ಚಾವಣಿಯಿಲ್ಲ, ನೀರಿನ ಕೊಳಾಯಿಯಿಲ್ಲ. ಆದರೂ ಗೋಡೆ ಒದ್ದೆ. ಕಟ್ಟಡಗಳ ಸಂಶೋಧನೆ ಮಾಡುವವರು ಗಾರೆಯನ್ನು ಪರೀಕ್ಷಿಸಿದಾಗ ಸಿಕ್ಕ ಕಳ್ಳ ಉಪ್ಪು. ಕಲ್ಲಿದ್ದಲಿನಲ್ಲಿ ಗಂಧಕವಷ್ಟೇ ಅಲ್ಲ, ಕ್ಲೋರೀನ್, ಸಾರಜನಕಗಳೂ ಇರುತ್ತವೆ. ಹತ್ತಾರು ವರ್ಷಗಳ ಹೊಗೆಯಿಂದ ಕ್ಲೋರೈಡ್, ನೈಟ್ರೇಟ್, ಅಮೋನಿಯದ ಲವಣಗಳು ಸವೆದ ಲೇಪವನ್ನು ದಾಟಿ ಇಟ್ಟಿಗೆಗೆ ಇಳಿದು, ನೀರಿನ ಜೊತೆ ಕೋಣೆಯ ಕಡೆಯ ಗಾರೆಗೆ ಬಂದು ಕೂತಿರುತ್ತವೆ. ಈ ಲವಣಗಳಲ್ಲಿ ಹಲವು ಗಾಳಿಯಿಂದಲೇ ನೀರು ಕುಡಿಯುತ್ತವೆ. ಮುಂಬಯಿಯಲ್ಲೋ ಮಂಗಳೂರಿನಲ್ಲೋ ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಿಗೆಮನೆಯ ಉಪ್ಪಿನ ಮರಿಗೆಗೆ ಯಾರೂ ನೀರು ಹೊಯ್ದಿರುವುದಿಲ್ಲ. ಆದರೂ ಆಷಾಢದಲ್ಲಿ ಅದು ಪಾನಕವಾಗುತ್ತದೆ. ಗಾಳಿಯ ಆರ್ದ್ರತೆ ನೂರಕ್ಕೆ 75ನ್ನು ದಾಟಿದರೆ ಅಡಿಗೆ ಉಪ್ಪು ನೀರಾಗತೊಡಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿಗೆ 50ರ ಸುಮಾರು ಸಾಕು, ಕ್ಯಾಲ್ಸಿಯಂ ಕ್ಲೋರೈಡಿಗೆ 30 ಸಾಕು. ಅಂದರೆ ಆ ಗೋಡೆ ಒಂದು ದೊಡ್ಡ ಉಪ್ಪಿನ ಮರಿಗೆ.

ಸಿಮ್ಲಾಕ್ಕೆ ಇದು ಹೊಂದುವುದೆ? 1864ರಲ್ಲಿ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯಾದಂದಿನಿಂದ ಆ ಬೆಟ್ಟದ ತುಂಬ ಇಂಗ್ಲೆಂಡಿನ ಮಾದರಿಯ ಮನೆಗಳು ಎದ್ದುವು. ಪ್ರತಿ ವರ್ಷ ಕಡತಗಳ ಪೆಟ್ಟಿಗೆಗಳೊಡನೆ ನಮ್ಮ ವೃತ್ತಿಬಾಂಧವರಾದ ಗುಮಾಸ್ತರೂ ಬೆಟ್ಟ ಹತ್ತಿ ಇಳಿಯುತ್ತಿದ್ದರು. ಗೋಡೆ ಮರದ ಚೌಕಟ್ಟಿನ ಧಜ್ಜಿಯಾದರೂ ಹೊಗೆಗೂಡು ಇಟ್ಟಿಗೆಯದೋ ಕಲ್ಲಿನದೋ ಆಗಿರುತ್ತಿತ್ತು. ಮೊದಲು ಕಾಡಿನ ಕಟ್ಟಿಗೆ. 1903ರಲ್ಲಿ ಕಾಲ್ಕಾದಿಂದ ರೈಲು ಬಂದ ಮೇಲೆ ಕಲ್ಲಿದ್ದಲು ಮೇಲೇರುವುದು ಸುಲಭವಾಯಿತು. ನಮ್ಮ ವಸತಿಯ ಆ ಅಗ್ಗಿಷ್ಟಿಕೆಯಲ್ಲಿ 1970ರ ದಶಕದವರೆಗೂ ಚಳಿಗಾಲದಲ್ಲಿ ಕಲ್ಲಿದ್ದಲು ಹಾಕುತ್ತಿದ್ದರೆಂದು, ಹಿಂದೆ ಅಲ್ಲಿಯೇ ಬೆಳೆದಿದ್ದ ನಿವೃತ್ತರೊಬ್ಬರು ನೆನಪಿಸಿಕೊಂಡರು.

ಇಷ್ಟು ತಿಳಿದ ಮೇಲೆ ನಾವು 2014ರ ಜುಲೈಯಿಂದ ಒಂದು ದಿನಚರಿ ಇಟ್ಟೆವು. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯುವುದು; ಆ ದಿನ ಮಳೆಯೋ, ಮಂಜೋ, ಬಿಸಿಲೋ; ಮೇಲಿನವರು ಮನೆಯಲ್ಲಿದ್ದರೋ ಇಲ್ಲವೋ. ಈ ಕೊನೆಯ ಕಾಲಮ್ಮು ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತಿತ್ತು. ಆಗಸ್ಟಿನಲ್ಲಿ ಅವರು ಮೂರು ವಾರ ಊರಿಗೆ ಹೋದರು. ಅವರ ನಲ್ಲಿಗಳೆಲ್ಲ ಬಂದ್. ಕಲೆ ಆ ಮೂರು ವಾರದಲ್ಲೇ ಎಲ್ಲಕ್ಕಿಂತ ಹೆಚ್ಚು ಹಬ್ಬಿತು. ಇನ್ನೊಂದು ವಿಷಯ: ಧೋ ಎಂದು ಮಳೆ ಸುರಿದ ದಿನಗಳಿಗಿಂತ, ಮಳೆಯಿಲ್ಲದೆ ಮಂಜು ಕಿಟಕಿಗೆ ಒತ್ತಿಕೊಂಡು ನಿಂತ ದಿನಗಳಲ್ಲಿ ಗೆರೆ ಮುಂದೆ ಸರಿಯುತ್ತಿತ್ತು. ಚಾವಣಿ ಸೋರಿದರೆ ಮಳೆಗೆ ಸೋರಬೇಕು, ಮಂಜಿಗಲ್ಲ.

ಕೋಣೆಯ ಆವಿಯೇ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತಿರಬಹುದೆಂಬ ಸಂಶಯ ಉಳಿಯಿತು. ಒಣಗಿದ ದಿನ ಗೋಡೆಗೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ನಾಲ್ಕು ಕಡೆ ಟೇಪು ಹಚ್ಚಿ ಅಂಟಿಸಿದೆವು. ಮಂಜಿನ ಎರಡು ದಿನ ಕಳೆದ ಮೇಲೂ ಹಾಳೆಯ ಮುಖ ಒಣಗಿಯೇ ಇತ್ತು. ಆವಿ ಮೇಲೆ ಕೂತಿದ್ದರೆ ಮೊದಲು ಒದ್ದೆಯಾಗಬೇಕಾದದ್ದು ಅದೇ.

ಕೊನೆಯ ಪರೀಕ್ಷೆ ನವೆಂಬರಿನಲ್ಲಿ. ಕಲೆಯಿದ್ದಲ್ಲಿಂದ ನೂರು ಗ್ರಾಂ ಗಾರೆ, ಎದುರಿನ ಗೋಡೆಯಿಂದ ನೂರು ಗ್ರಾಂ ಗಾರೆ ಕೆರೆದು, ಹೀಟರಿನ ಮುಂದೆ ಒಣಗಿಸಿ, ಎರಡು ತಟ್ಟೆಗಳಲ್ಲಿ ಹರಡಿದೆವು. ಅಡಿಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ ಕೆಸರಿನಂತೆ ಮಾಡಿದ ಬಟ್ಟಲನ್ನೂ ಜೊತೆಗಿಟ್ಟು, ಎಲ್ಲವನ್ನೂ ದೊಡ್ಡ ಡಬ್ಬಿಯಲ್ಲಿ ಮುಚ್ಚಿದೆವು. ಹೀಗೆ ಮುಚ್ಚಿದ ಡಬ್ಬಿಯ ಗಾಳಿ 75ರ ಆರ್ದ್ರತೆಯಲ್ಲಿ ನಿಲ್ಲುತ್ತದೆ. ಪ್ರಯೋಗಶಾಲೆಗಳಲ್ಲೂ ಬಳಸುವ ಉಪಾಯವಿದು. ಹತ್ತು ದಿನ ಬಿಟ್ಟು ಕೆಳ ಬಜಾರಿನ ಅಕ್ಕಸಾಲಿಗನೊಬ್ಬನ ಹತ್ತಿರ ಒಯ್ದೆವು. ಚಿನ್ನದ ತಕ್ಕಡಿಯಲ್ಲಿ ಗಾರೆ ತೂಗಬೇಕೆಂದಾಗ ಅವನು ನಮ್ಮ ಮುಖವನ್ನು ಒಮ್ಮೆ ನೋಡಿದ; ಒಂದು ಚಹ ತರಿಸಿಕೊಟ್ಟ ಮೇಲೆ ತೂಗಿದ. ಎದುರಿನ ಗೋಡೆಯ ಗಾರೆ ಅರ್ಧ ಗ್ರಾಮೂ ಹೆಚ್ಚಿರಲಿಲ್ಲ. ಕಲೆಯ ಗಾರೆ ನಾಲ್ಕು ಗ್ರಾಂ ಹೆಚ್ಚಿತ್ತು. ಡಬ್ಬಿಯೊಳಗೆ ಮಳೆಯಿಲ್ಲ, ಬಚ್ಚಲಿಲ್ಲ.

ಆ ಸಂಜೆಯೇ ನಾವು, ನಮ್ಮ ತಾಯಿಯವರನ್ನು ಮುಂದಿಟ್ಟುಕೊಂಡು, ಮೇಲಿನ ಮನೆಗೆ ಹೋದೆವು. ಪರೀಕ್ಷೆಯ ವಿವರ ಕೇಳುವ ಆಸಕ್ತಿ ಅವರಿಗಿರಲಿಲ್ಲ. ಮನೆಯ ಯಜಮಾನರು ಸುಮ್ಮನೆ ಕೂತಿದ್ದರು. ಅವರ ಮಡದಿ, “ಮಾತಾಜೀ, ಆ ಹದಿನೈದು ದಿನ ನಮ್ಮ ಅತ್ತೆಯವರು ಚಳಿಯಲ್ಲಿ ಅಂಗಳದಲ್ಲಿ ಸ್ನಾನ ಮಾಡಿದರು” ಎಂದರು. ನಾವು ತಲೆ ತಗ್ಗಿಸಿದೆವು. ಮಾರನೆಯ ದಿನ ಹಿಂದಿನ ದೂರನ್ನು ವಾಪಸು ಪಡೆಯುತ್ತೇವೆಂದೂ, ತಪ್ಪು ನಮ್ಮದೆಂದೂ ಬರೆದು, ಮತ್ತೆ ಮೂರು ಪ್ರತಿ ಮಾಡಿ, ಒಂದನ್ನು ಕೈಯಾರೆ ಅವರಿಗೆ ಕೊಟ್ಟೆವು. ಮಕ್ಕಳ ಮೇಲಿನ ನಿಷೇಧ ಅಂದೇ ಹೋಯಿತು. ದೊಡ್ಡವರ ಮಾತು ಸರಿಹೋಗಲು ಹೋಳಿ ಹಬ್ಬದವರೆಗೆ ಕಾಯಬೇಕಾಯಿತು.

ದುರಸ್ತಿಗೆ ನಾವು ಆ ಮುದುಕ ಮಿಸ್ತ್ರಿಯನ್ನೇ ಕರೆಸಿದೆವು. ಇಂಥ ಗೋಡೆಗೆ ಬಣ್ಣ ಬಳಿದರೆ, ಸಿಮೆಂಟು ಮೆತ್ತಿದರೆ ಪ್ರಯೋಜನವಿಲ್ಲ; ಉಪ್ಪು ಹೊಸ ಗಾರೆಗೂ ನಡೆದು ಬರುತ್ತದೆ. 2015ರ ಏಪ್ರಿಲಿನಲ್ಲಿ ಅವನು ಉಬ್ಬುಗೋಡೆಯ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದು ಮೂಟೆ ಕಟ್ಟಿ ಹೊರಗೆ ಸಾಗಿಸಿದ. ಮುಚ್ಚಿದ್ದ ಅಗ್ಗಿಷ್ಟಿಕೆಯ ಬಾಯಲ್ಲಿ ನಾಲ್ಕು ಇಟ್ಟಿಗೆ ತೆಗೆದು ಜಾಲರಿ ಕೂಡಿಸಿದ. ಮೇಲೆ ಹೊಗೆಗೂಡಿನ ಬಾಯಿಗೆ, ಮಳೆ ಬೀಳದಂತೆ, ಗಾಳಿ ಆಡುವಂತೆ ತಗಡಿನ ಟೊಪ್ಪಿಗೆ ಹಾಕಿದ. ಇಟ್ಟಿಗೆಯಿಂದ ಒಂದಂಗುಲ ದೂರಕ್ಕೆ ಮರದ ಪಟ್ಟಿ ಹೊಡೆದು ಅದರ ಮೇಲೆ ಹಲಗೆ ಕೂಡಿಸಿದ. ಜಾಲರಿಗೆಂದು ಇಟ್ಟಿಗೆ ತೆಗೆದಾಗ ಒಳಗಿಂದ ಎರಡು ಬುಟ್ಟಿ ಮಸಿ, ಒಂದು ಹಕ್ಕಿಗೂಡು, ಕರಟಿದ ಕಲ್ಲಿದ್ದಲಿನ ನಾಲ್ಕಾರು ತುಂಡು ಬಿದ್ದುವು. ತುಂಡುಗಳನ್ನು ಮೇಲಿನ ಮನೆಯ ಹುಡುಗ ತನ್ನ ಶಾಲೆಯ ವಿಜ್ಞಾನ ಪೆಟ್ಟಿಗೆಗೆಂದು ಒಯ್ದ.

ಆ ವರ್ಷದ ಜುಲೈ, ಆಗಸ್ಟುಗಳಲ್ಲಿ ಹಲಗೆ ಒಣಗಿತ್ತು. ಅದರ ಮೇಲ್ಭಾಗದಲ್ಲಿ, ಮಿಸ್ತ್ರಿಯ ಉಳಿ ತಲುಪದ ಒಂದು ಮೂಲೆಯ ಹಳೆಯ ಗಾರೆಯಲ್ಲಿ ಮಾತ್ರ ಅಂಗೈಯಷ್ಟು ಕಂದು ಕಾಣಿಸಿಕೊಂಡಿತು. ಅದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದೆವು. 2017ರಲ್ಲಿ ದೆಹಲಿಗೆ ವರ್ಗವಾಗಿ ಮನೆ ಬಿಡುವಾಗ ಆ ಗೆರೆಯೊಳಗೇ ಅದು ಇತ್ತು.